ಗಾಳಿ ಕೆಡವಿದ ಚೆಂಡು, ನಾನು ಕೇಳದ ಪ್ರಶ್ನೆ

ಗಾಲ್ಫ್ ನಿಯಮ ಪುಸ್ತಕ 2019ರಲ್ಲಿ ಹೊಸ ರೂಪದಲ್ಲಿ ಬಂದು ಮೂರು ವರ್ಷ ಕಳೆದಿತ್ತು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದ ನಾನು ಆಗ ಮಂಗಳೂರಿನ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ರೆಫ್ರಿಯಾಗಿದ್ದೆ. ಉರ್ವದ ಮನೆಯಿಂದ ಸ್ಕೂಟರಿನಲ್ಲಿ ಕೂಳೂರು ಸೇತುವೆ ದಾಟಿ ಹೋಗುತ್ತಿದ್ದೆ. ನಮ್ಮದು ಅರ್ಚಕರ ಮನೆತನ. ಅಣ್ಣಂದಿರು ಮಂತ್ರ ತಪ್ಪದಂತೆ ನೋಡಿಕೊಂಡರು, ನಾನು ನಿಯಮ ತಪ್ಪದಂತೆ ನೋಡಿಕೊಂಡೆ. ಪುಸ್ತಕ ನನಗೆ ಕಂಠಪಾಠವಾಗಿತ್ತು. ಈ ವಿಷಯದಲ್ಲಿ ನನಗೆ ಜಂಬವಿತ್ತು, ಈಗಲೂ ಸ್ವಲ್ಪ ಇದೆ.

ಪ್ರತಿ ಭಾನುವಾರ ಬೆಳಿಗ್ಗೆ ಕ್ಲಬ್ಬಿನ ಸಿಬ್ಬಂದಿಗೂ ಆಟಗಾರರ ಚೀಲ ಹೊರುವ ಕ್ಯಾಡಿಗಳಿಗೂ ನಾನು ನಿಯಮದ ತರಗತಿ ನಡೆಸುತ್ತಿದ್ದೆ. ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗಕ್ಕೆ ಪಟಿಂಗ್ ಗ್ರೀನ್ ಎನ್ನುತ್ತಾರೆ. ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಅಲ್ಲಿಯೇ. ಕುಳಿಯಲ್ಲಿ ನಿಲ್ಲಿಸಿದ ಧ್ವಜಕ್ಕೆ ಚೆಂಡು ತಾಗಿದರೆ ದಂಡ ಎಂದು ಬಹಳ ಜನ ಇನ್ನೂ ನಂಬಿದ್ದಾರೆ. ಶೂ ಗುರುತನ್ನು ಸರಿಪಡಿಸಬಾರದು ಎಂದು ವಾದಿಸುತ್ತಾರೆ. ಅರಿವಿಲ್ಲದೆ ಕಾಲು ತಾಗಿ ಚೆಂಡು ಅಲುಗಿದರೆ ಮುಖ ಬಿಳಿಚಿಕೊಳ್ಳುತ್ತದೆ. ಹೊಸ ಪುಸ್ತಕದಲ್ಲಿ ಈ ಮೂರಕ್ಕೂ ದಂಡವಿಲ್ಲ. ಅಲುಗಿದ ಚೆಂಡನ್ನು ಮೊದಲಿನ ಜಾಗಕ್ಕೆ ಇಟ್ಟರೆ ಸಾಕು.

ಆ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದವಳು ಹರಿಣಾಕ್ಷಿ. ಕ್ಲಬ್ಬಿನ ಕೌಂಟರಿನಲ್ಲಿ ಕೆಲಸ, ಮೂವತ್ತರ ಮೇಲಿನ ವಯಸ್ಸು. ತಂದೆ ಕಡಲಿಗೆ ಹೋಗುವವರು, ತಾಯಿ ಉರ್ವ ಮಾರ್ಕೆಟ್ಟಿನಲ್ಲಿ ಮೀನು ಮಾರುವವರು. ಕೆಲಸ ಮುಗಿದ ಮೇಲೆ ಹಳೆಯ ಗಾಲ್ಫ್ ಕೋಲುಗಳಲ್ಲಿ ಆಡಿ ಆಡಿ ಆಟ ಕಲಿತವಳು. ಬಾಯಿ ತೆರೆದು ಒಂದು ಪ್ರಶ್ನೆಯನ್ನೂ ಕೇಳಿದ್ದಿಲ್ಲ. ಏನೂ ತಲೆಗೆ ಹೋಗುತ್ತಿಲ್ಲವೇನೋ ಎಂದು ನಾನು ಒಳಗೊಳಗೇ ಅಂದುಕೊಂಡಿದ್ದೆ.

ಆ ವರ್ಷ ಸಹಾಯಕ ಕೋಚ್ ಹುದ್ದೆಗೆ ಪರೀಕ್ಷೆ ಇಟ್ಟರು. ಹದಿನೆಂಟು ಕುಳಿಗಳನ್ನು 80 ಅಥವಾ ಅದಕ್ಕಿಂತ ಕಡಿಮೆ ಹೊಡೆತಗಳಲ್ಲಿ ಮುಗಿಸಬೇಕು. 81 ಆದರೆ ಅನುತ್ತೀರ್ಣ. ಹರಿಣಾಕ್ಷಿ ಅರ್ಜಿ ಹಾಕಿದಳು. ಅವಳ ಜೊತೆ ಆಡಿದವನು, ಅವಳ ಸ್ಕೋರ್ ಬರೆದವನು ಇನ್ನೊಬ್ಬ ಅಭ್ಯರ್ಥಿ ದಯಾನಂದ.

ಮಧ್ಯಾಹ್ನ ಮೂರರ ಹೊತ್ತಿಗೆ ಕಡಲ ಗಾಳಿ ಜೋರಾಯಿತು. ನಾನು ಕೊನೆಯ ಗ್ರೀನ್ ತಲುಪುವಾಗ ಹರಿಣಾಕ್ಷಿ 80 ಹೊಡೆತ ಮುಗಿಸಿದ್ದಳು. ಚೆಂಡು ಕುಳಿಗಿಂತ ಎರಡು ಅಡಿ ಹಿಂದೆ ನಿಂತಿತ್ತು. ಇನ್ನೊಂದು ಹೊಡೆತ ಬೇಕೇ ಬೇಕು. ಅಂದರೆ ಹುದ್ದೆ ಕೈ ತಪ್ಪಿದ ಹಾಗೆಯೇ. ಅವಳು ಚೆಂಡಿನ ಹಿಂದೆ ನಿಂತು ಇಳಿಜಾರು ನೋಡುತ್ತಿದ್ದಳು. ದಯಾನಂದ ಬೆನ್ನು ಹಾಕಿ ತನ್ನ ಚೀಲ ಸರಿಮಾಡುತ್ತಿದ್ದ. ಅಷ್ಟರಲ್ಲಿ ಗಾಳಿ ಬೀಸಿತು, ಚೆಂಡು ತಾನಾಗಿ ಉರುಳಿ ಕುಳಿಗೆ ಬಿತ್ತು.

ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಎಲ್ಲರ ಕಣ್ಣು ನನ್ನ ಮೇಲೆ. ಇಂಥ ಗಳಿಗೆಗಾಗಿಯೇ ಅಲ್ಲವೇ ನಾನು ಪುಸ್ತಕ ಉರುಹೊಡೆದದ್ದು. ಗಂಟಲು ಸರಿಮಾಡಿಕೊಂಡು ಘೋಷಿಸಿದೆ: "ಗಾಳಿ ಸರಿಸಿದ ಚೆಂಡಿಗೆ ಹೊಸ ಜಾಗವೇ ಅದರ ಜಾಗ. ಹಿಂದಿನ ಹೊಡೆತದಲ್ಲೇ ಬಿತ್ತು ಎಂದು ಲೆಕ್ಕ. ಸ್ಕೋರ್ 80."

ರೆಫ್ರಿ ಹೇಳಿದ ಮೇಲೆ ಮುಗಿಯಿತು. ಪ್ರಶ್ನಿಸುವವರು ಯಾರೂ ಇರಲಿಲ್ಲ. ಹರಿಣಾಕ್ಷಿ ಮಾತ್ರ ಕುಳಿಯಿಂದ ಚೆಂಡು ತೆಗೆಯದೆ ನಿಂತೇ ಇದ್ದಳು.

"ಸರ್, ನೀವು ಒಂದು ಕೇಳ್ಲಿಲ್ಲ" ಎಂದಳು.

"ಎಂತ?"

"ನಾನು ಚೆಂಡು ಎತ್ತಿದ್ದೆ. ಜಾಗದ ಗುರುತಿಗೆ ನಾಣ್ಯ ಇಟ್ಟು, ಒರೆಸಿ, ವಾಪಸ್ ಇಟ್ಟು, ನಾಣ್ಯ ತೆಗ್ದಿದ್ದೆ. ನೀವು ಬರುವ ಮೊದಲೇ ಆಯ್ತು ಅದು."

ದಯಾನಂದ ತಿರುಗಿ ಹೇಳಿದ: "ಎಂತ ಮಾರಾಯ್ತಿ ನೀನು, ನಾನು ಸಹ ನೋಡ್ಲಿಲ್ಲ. ಸರ್ ಹೇಳಿ ಆಯ್ತಲ್ಲ, ಸುಮ್ನಿರು."

"ನೀವು ನೋಡ್ಲಿಲ್ಲ. ನಾನು ನೋಡಿದ್ದೇನೆ."

ಎತ್ತದೆ ಬಿಟ್ಟ ಚೆಂಡನ್ನು ಗಾಳಿ ಸರಿಸಿದರೆ ಹೊಸ ಜಾಗ ಸರಿ. ಆದರೆ ಒಮ್ಮೆ ಎತ್ತಿ ಮತ್ತೆ ಇಟ್ಟ ಚೆಂಡನ್ನು ಗಾಳಿ ಎಲ್ಲಿಗೆ ಒಯ್ದರೂ ಮೊದಲಿನ ಜಾಗಕ್ಕೇ ತಂದು ಇಡಬೇಕು, ಕುಳಿಗೆ ಬಿದ್ದರೂ ಅಷ್ಟೇ. ನಿಯಮದ ಎರಡು ಭಾಗಗಳಲ್ಲಿ ನಾನು ಹೇಳಿದ್ದು ಒಂದನ್ನು ಮಾತ್ರ. ನಾಣ್ಯ ಕಾಣದ್ದರಿಂದ ಚೆಂಡು ಎತ್ತಿಲ್ಲ ಎಂದು ನಾನೇ ಊಹಿಸಿಕೊಂಡಿದ್ದೆ. ನಮ್ಮ ಮೈದಾನದ್ದು ಕೆಂಪು ಕಲ್ಲಿನ ನೆಲ. ಚೆಂಡಿಗೆ ಕೆಮ್ಮಣ್ಣು ಮೆತ್ತಿಕೊಳ್ಳುತ್ತದೆ, ಹಾಗಾಗಿ ಇಲ್ಲಿ ಆಡುವವರೆಲ್ಲರೂ ಗ್ರೀನ್ ತಲುಪಿದ ಕೂಡಲೇ ಎತ್ತಿ ಒರೆಸುತ್ತಾರೆ. ಬೇರೆ ಊರಿನ ರೆಫ್ರಿಗೆ ಅದು ತಿಳಿಯದೆ ಇರಬಹುದು. ನನಗೆ ತಿಳಿಯದೆ ಇರಲು ಯಾವ ನೆಪವೂ ಇರಲಿಲ್ಲ.

"ನನ್ನ ತೀರ್ಪು ತಪ್ಪು. ಚೆಂಡು ಮೊದಲಿನ ಜಾಗಕ್ಕೆ ಇಡಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ನಲವತ್ತು ಜನರ ಮುಂದೆ ಹಾಗೆ ಹೇಳುವುದು ಸುಲಭವಲ್ಲ. ಆದರೆ ಅವಳು ಮಾಡಿದ್ದರ ಮುಂದೆ ಅದು ಏನೂ ಅಲ್ಲ.

ಅವಳು ಚೆಂಡನ್ನು ಎರಡು ಅಡಿ ಹಿಂದಕ್ಕೆ ಇಟ್ಟಳು. ಗಾಳಿ ತಗ್ಗುವವರೆಗೆ ಕಾದು, ಮೆಲ್ಲಗೆ ತಳ್ಳಿ ಕುಳಿಗೆ ಹಾಕಿದಳು. 81. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಸ್ಕೋರ್ ಕಾರ್ಡಿಗೆ ಸಹಿ ಹಾಕುವ ಮೇಜಿನ ಬಳಿ ನಾನು ಕೇಳಿದೆ: "ಬೇಜಾರುಂಟಾ?"

"ಉಂಟು ಸರ್. ಮನೆಗೆ ಹೋಗಿ ಅಳ್ತೇನೆ. ಪೆನ್ ಕೊಡಿ" ಎಂದಳು.

ಪೆನ್ ಕೊಟ್ಟೆ. "ಈ ನಿಯಮ ಎಲ್ಲಿ ಓದಿದ್ದು?" ಎಂದೆ.

"ಓದ್ಲಿಲ್ಲ. ಭಾನುವಾರ ನೀವೇ ಹೇಳಿದ್ದು. ಬರ್ಕೊಂಡಿದ್ದೇನೆ."

ಮುಂದಿನ ಪರೀಕ್ಷೆಯಲ್ಲಿ ಅವಳು 78ರಲ್ಲಿ ಮುಗಿಸಿ ಹುದ್ದೆ ಪಡೆದಳು. ಅಂದು ಎಲ್ಲರೂ ಸಿಹಿ ತಿಂದರು, ನಾನೂ ತಿಂದೆ. ಆದರೆ ಈ ವೃತ್ತಿಯಲ್ಲಿ ಎದೆಯುಬ್ಬಿಸಿ ಸಹಿ ಹಾಕಿದ ಕಾರ್ಡ್ ಯಾವುದು ಎಂದು ಯಾರಾದರೂ ಕೇಳಿದರೆ ನಾನು 78ರದ್ದನ್ನು ಹೇಳುವುದಿಲ್ಲ. ನಿಯಮ ಬಾಯಿಪಾಠ ಬಂದರೆ ರೆಫ್ರಿಯ ಅರ್ಧ ಕೆಲಸ ಆಯಿತು. ಉಳಿದರ್ಧ, ತೀರ್ಪು ಹೇಳುವ ಮೊದಲು ಆಟಗಾರನನ್ನು ಕೇಳಿ ತಿಳಿಯುವುದು. ಇದನ್ನು ನನಗೆ ಕಲಿಸಿದ್ದು ನನ್ನದೇ ತರಗತಿಯ ಕೊನೆಯ ಬೆಂಚು, ಅದಕ್ಕೆ ಅವಳು ತೆತ್ತದ್ದು ಒಂದು ಹೊಡೆತ.