ಮುಚ್ಚಿಹೋದ ಕಂದಕ

ನಮ್ಮದು ಉಳವಿಯ ಹತ್ತಿರ ಮಡಕೆ ಮಾಡುವ ಮನೆ. ಅಪ್ಪ ತಿಗರಿ ತಿರುಗಿಸಿದರೆ, ಹಸಿ ಮಡಕೆಯಲ್ಲಿ ಬಿರುಕು ಹುಡುಕಿ ಮುಚ್ಚುವುದು ಹೆಂಗಸರ ಕೆಲಸ. ತೆಳು ಕೆಸರನ್ನು ಬೆರಳಲ್ಲಿ ತುಂಬಿ ಒದ್ದೆ ಬಟ್ಟೆಯಿಂದ ಸವರಿದರೆ ಬಿರುಕು ಇತ್ತೆಂದೇ ಗೊತ್ತಾಗಬಾರದು. ಅವ್ವ ತೀರಿಕೊಂಡಾಗ ನನ್ನನ್ನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿ ಆ ಕೆಲಸಕ್ಕೆ ಕೂರಿಸಿದರು. ತಂಗಿಯನ್ನು ಬಿಡಿಸಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ತಂಗಿ ಹತ್ತನೇ ಕ್ಲಾಸಿನಲ್ಲಿದ್ದಳು. ಶಿಕಾರಿಪುರದಲ್ಲಿ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನವಿತ್ತು. ಅವಳು ನಮ್ಮ ಮಣ್ಣಿನಲ್ಲೇ ಒಂದು ಹಲಗೆಯ ಮೇಲೆ ಸಮುದ್ರದ ತಳ ಮಾಡಿದಳು. ನಡುವೆ ಬೆಟ್ಟದ ಸಾಲು, ಒಂದು ಅಂಚಿನಲ್ಲಿ ಬೆರಳು ಪೂರ್ತಿ ಇಳಿಯುವಂಥ ಸೀಳು.

"ಸಮುದ್ರ ಕಂಡೀಯೇನೆ ನೀನು? ಸೊರಬದ ಸಂತೆ ದಾಟಿಲ್ಲ" ಎಂದೆ.

"ನೀನು ಭಾರೀ ಕಂಡೀಯ! ಇಲ್ಕೇಳು. ಈ ಬೆಟ್ಟದ ಸಾಲಲ್ಲಿ ಹೊಸ ನೆಲ ಹುಟ್ಟುತ್ತೆ. ಸರೀತಾ ಸರೀತಾ ಬಂದು ಇಲ್ಲಿ ಇನ್ನೊಂದು ನೆಲದ ಅಡಿಗೆ ಇಳಿಯುತ್ತೆ. ಇದೇ ಕಂದಕ. ಸಮುದ್ರದಲ್ಲಿ ಎಲ್ಲಕ್ಕಿಂತ ಆಳ ಇರೋದು ನಟ್ಟನಡುವೆ ಅಲ್ಲ ಅಕ್ಕಾ, ಹಿಂಗೆ ಅಂಚಲ್ಲಿ."

"ಅಡಿಗೆ ಹೋದ ನೆಲ?"

"ಹೋಯ್ತು ಅಷ್ಟೇ. ಹಳೇದು ಹೋಗ್ಬೇಕಲ್ಲ, ಹೊಸದಕ್ಕೆ ಜಾಗ ಬೇಡ್ವಾ?"

ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಬಹುಮಾನ ಬಂದರೆ ಕಾಲೇಜು, ಇಲ್ಲದಿದ್ದರೆ ಬಂದಿರುವ ಗಂಡಿಗೆ ಕೊಡುವುದು ಎಂದು ಅಪ್ಪ ಹೇಳಿಯಾಗಿತ್ತು.

ಹೊರಡುವ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ನಾನು ಹಲಗೆಯ ಮೇಲಿನ ಒದ್ದೆ ಗೋಣಿ ಎತ್ತಿದೆ. ಕಂದಕಕ್ಕೆ ಕೆಸರು ತುಂಬಿದೆ, ಸವರಿದೆ, ಗೋಣಿ ಹೊದಿಸಿದೆ. ಬಿರುಕೆಂದು ತಿಳಿದೆ, ಕೈಗೆ ಬಂದ ರೂಢಿ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅದೇನೆಂದು ಅವಳ ಬಾಯಿಂದಲೇ ಕೇಳಿದ್ದೆ.

ಬಸ್ಸಿನಲ್ಲಿ ಹಲಗೆಯನ್ನು ಇಬ್ಬರ ತೊಡೆಯ ಮೇಲೂ ಇಟ್ಟುಕೊಂಡು ಹೋದೆವು. ಅಲ್ಲಿ ಅವಳು ಗೋಣಿ ತೆಗೆಯುವ ಹೊತ್ತಿಗೆ ಬಹುಮಾನ ನಿರ್ಧರಿಸುವ ಮೇಷ್ಟರು ಎದುರಿಗೇ ನಿಂತಿದ್ದರು.

"ಕಂದಕ ಎಲ್ಲಮ್ಮಾ?"

"ಇಲ್ಲೇ ಇತ್ತು ಸಾರ್" ಎಂದು ಉಗುರಿನಿಂದ ಕೆದಕಿದಳು. ಅಂಚು ಮುರಿದು ಕೈಗೆ ಬಂತು. ಮೇಷ್ಟರು, "ಹೋಗ್ಲಿ ಬಿಡಮ್ಮಾ" ಎಂದು ಪಕ್ಕದ ಮೇಜಿಗೆ ಹೋದರು. ನಾನು ಗೋಡೆಗೆ ಒರಗಿ ನಿಂತಿದ್ದೆ.

ಬಹುಮಾನ ಯಾಕೆ ಬರಲಿಲ್ಲ ಎಂದು ಅಪ್ಪ ಕೇಳಿದಾಗ ಅವಳು, "ಮಣ್ಣು ನೀರಾಗಿ ಕಲಸಿಬಿಟ್ಟೆ ಅಪ್ಪಾ. ಬಸ್ಸಿನ ಕುಲುಕಿಗೆ ಕೂಡ್ಕೊಂಡ್ತು. ನಂದೇ ತಪ್ಪು" ಎಂದಳು.

ಆ ಬೇಸಿಗೆಯಲ್ಲೇ ಮದುವೆಯಾಯಿತು. ಅವಳ ಪುಸ್ತಕಗಳನ್ನು ಮಡಕೆ ಸುಡುವ ಆವಿಗೆಯ ಬೆಂಕಿ ಹೊತ್ತಿಸಲು ಬಳಸಿದೆವು. ಹರಿದು ಕೊಟ್ಟವಳು ಅವಳೇ.

ಈಗಲೂ ದೀಪಾವಳಿಗೆ ಬಂದಾಗ ಹಣತೆ ಮಾಡಲು ಕರೆದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ.

"ನಂಗೆ ಮಣ್ಣು ಒಗ್ಗಲ್ಲ ಅಕ್ಕಾ, ನಾ ಮುಟ್ಟಿದ್ದೆಲ್ಲ ಕೆಡುತ್ತೆ. ನಿನ್ನ ಕೈ ಒಳ್ಳೇದು, ನೀನೇ ಮಾಡು."

ಹೇಳಿಬಿಡಬೇಕೆಂದು ಪ್ರತಿ ವರ್ಷವೂ ಅಂದುಕೊಳ್ಳುತ್ತೇನೆ. ಅವಳು ಪಕ್ಕದಲ್ಲೇ ಕೂತು ನೋಡುತ್ತಾಳೆ. ನಾನು ಹಣತೆ ಮಾಡುತ್ತೇನೆ.