ಹೆಲ್ಮರ್ ಆಡದ ಮಾತು

ಗ್ರಾನ್‌ಲಿಡದ ರಸ್ತೆಯ ಮೇಲಿನ ಹಿಮವನ್ನು ಹೆಲ್ಮರ್ ಮೂವತ್ತೆಂಟು ಚಳಿಗಾಲ ತಳ್ಳಿದ. ಬಸುರಿಯನ್ನು ಆಸ್ಪತ್ರೆಗೆ ಒಯ್ಯಬೇಕೇ, ಹೆಣವನ್ನು ಚರ್ಚಿಗೆ ಸಾಗಿಸಬೇಕೇ, ಮುಂದೆ ಹಿಮ ಸರಿಸುತ್ತ ಅವನ ಲಾರಿ ಹೋಗಬೇಕು. ಮಾತಿನಲ್ಲಿ ಮಾತ್ರ ಮಹಾ ಜಿಪುಣ. ಸ್ವೀಡನ್ನಿನ ಆ ಬಡಗಣ ಸೀಮೆಯಲ್ಲಿ ‘ಹೌದು’ ಎನ್ನಲು ಮಾತೇ ಬೇಕಿಲ್ಲ. ತುಟಿ ಚೂಪು ಮಾಡಿ ಸುಯ್ಯೆಂದು ಉಸಿರು ಒಳಗೆಳೆದುಕೊಂಡರೆ ಸಾಕು. ಊರವರೆಲ್ಲ ಹಾಗೇ. ಆದರೆ ಅದೊಂದರಲ್ಲೇ ಸಂಸಾರ ಸಾಗಿಸಿದ ಪುಣ್ಯಾತ್ಮ ಇವನೊಬ್ಬನೇ. ಮದುವೆಯ ದಿನ ಪಾದ್ರಿ ಕೇಳಿದ ಪ್ರಶ್ನೆಗೂ ಹೀಗೇ ಉಸಿರೆಳೆದನಂತೆ. ಪಾದ್ರಿಯೂ ಅದೇ ಸೀಮೆಯವರಾಗಿದ್ದಕ್ಕೆ ಮದುವೆ ನಡೆಯಿತು ಎಂದು ಹೆಂಡತಿ ಸಿಗ್ನೆ ಇಂದಿಗೂ ಆಡಿಕೊಳ್ಳುತ್ತಾಳೆ.

ನಿವೃತ್ತಿಗೆ ಮುಂಚಿನ ಅವನ ಕೊನೆಯ ಚಳಿಗಾಲದ ಮೇಲೆ ಸಾಕ್ಷ್ಯಚಿತ್ರ ಮಾಡಲು ದೂರದ ತೆಂಕಣ ತುದಿಯ ಮಾಲ್ಮೋದಿಂದ ಯೆಸ್ಪರ್ ಎಂಬ ನಿರ್ದೇಶಕ ಬಂದ. ಎರಡು ತಿಂಗಳು ಲಾರಿಯಲ್ಲಿ ಪಕ್ಕದಲ್ಲೇ ಕೂತ. ಚಿತ್ರ ಮುಗಿಯಿತು. ಟೀವಿಯಲ್ಲಿ ಬರುವ ಮೊದಲು ಊರ ಸಭಾಭವನದಲ್ಲಿ, ಕಾಫಿ ಮತ್ತು ದಾಲ್ಚಿನ್ನಿ ಬನ್ನಿನ ಸಮೇತ, ಎಲ್ಲರಿಗೂ ತೋರಿಸಿದ.

ಪರದೆಯ ಮೇಲೆ ಲಾರಿಯ ಗಾಜು, ಅದಕ್ಕೆ ಬಡಿಯುವ ಹಿಮ. ಯೆಸ್ಪರನ ದನಿ ಕೇಳಿತು: “ಹೆಲ್ಮರ್, ಸಿಗ್ನೆ ಅಂದ್ರೆ ನಿಮಗೆ ಪ್ರೀತಿನಾ?”

“ಹೌದು. ಜೀವಕ್ಕಿಂತ ಹೆಚ್ಚು. ಅವಳಿಲ್ದಿದ್ರೆ ಈ ರಸ್ತೆನ ಯಾರಿಗೋಸ್ಕರ ತೆಗೀತಿದ್ದೆ?”

ದನಿ ಹೆಲ್ಮರನದೇ. ಅದೇ ಗೊಗ್ಗರು, ಅದೇ ಎಳೆತ. ಆದರೆ ಈ ಮಾತನ್ನು ಅವನು ಆಡಿರಲಿಲ್ಲ. ಅಥವಾ ಆಡಿದ್ದನೇ? ಮರೆತಿರಬಹುದೇ? ಕೂತಲ್ಲೇ ತಲೆ ಕೆಟ್ಟುಹೋಯಿತು.

“ಅಯ್ಯೋ ಕಳ್ಳಾ! ಇಷ್ಟೊಂದು ಮಾತು ಎಲ್ಲಿ ಬಚ್ಚಿಟ್ಟಿದ್ಯೋ?” ಎಂದು ಪಕ್ಕದ ಮನೆಯ ಬಿರ್ಗರ್ ಹಿಂದಿನ ಸಾಲಿನಿಂದ ಕಿಚಾಯಿಸಿದ. ಸಭೆ ಘೊಳ್ಳೆಂದಿತು. ಸಿಗ್ನೆ ಮಾತ್ರ ನಗಲಿಲ್ಲ. ಕಣ್ಣೀರು ಸುರಿಸುತ್ತ, ಎಲ್ಲರೆದುರು ಹೆಲ್ಮರನ ಕೈ ಹಿಡಿದುಕೊಂಡಳು. ನಲವತ್ತಾರು ವರ್ಷದಲ್ಲಿ ಅವಳು ಹಾಗೆ ಮಾಡಿದ್ದಿಲ್ಲ.

ಚಿತ್ರ ಮುಗಿದದ್ದೇ ತಡ, ಹೆಲ್ಮರ್ ಯೆಸ್ಪರನನ್ನು ಕೋಟುಗಳ ಮೂಲೆಗೆ ಎಳೆದೊಯ್ದ.

“ಅದು ನಾನಲ್ಲ.”

“ಲಾರಿ ಗದ್ದಲ ತೆಗೆಯೋಕೆ ಕೃತಕ ಬುದ್ಧಿಮತ್ತೆಗೆ ಕೊಟ್ಟಿದ್ವಿ,” ಎಂದ ಯೆಸ್ಪರ್, ಕಿವಿ ಕೆಂಪಗೆ ಮಾಡಿಕೊಂಡು. “ಅಲ್ಲಿ ಬರೀ ಮೌನ ಉಳೀತು. ನೀವು ಉತ್ತರಾನೇ ಕೊಡದ ಹಾಗೆ ಕಾಣಿಸ್ತು. ಸಿಗ್ನೆಗೆ ನೋವಾಗುತ್ತೆ ಅಂತ ನಿಮ್ಮ ದನೀಲಿ ನಾಲ್ಕು ಮಾತು ಮಾಡಿಸ್ದೆ. ನಿಮ್ಮ ಮನಸ್ಸಲ್ಲಿ ಇದ್ದಿದ್ದೇ ಅಲ್ವಾ?”

“ಉತ್ತರ ಕೊಟ್ಟಿದ್ದೆ,” ಎಂದು ಹೆಲ್ಮರ್ ಸುಯ್ಯೆಂದು ಉಸಿರೆಳೆದು ತೋರಿಸಿದ.

ಯೆಸ್ಪರನ ಮುಖ ಬಿಳಿಚಿತು. ಹೆಲ್ಮರನ ‘ಹೌದು’ ಅನ್ನೇ ಯಂತ್ರ ಗದ್ದಲವೆಂದು ಗುಡಿಸಿ ಹಾಕಿತ್ತು. “ಮೂಲ ದನಿ ಹಾಗೇ ಇದೆ. ನಾಳೆ ಮಧ್ಯಾಹ್ನದೊಳಗೆ ಒಂದು ಫೋನ್ ಮಾಡಿ, ಬದಲಾಯಿಸ್ತೀನಿ.”

ಬದಲಾಯಿಸಿದರೆ ಸಿಗ್ನೆಗೆ ಏನೆಂದು ಹೇಳುವುದು? ನೀನು ಅತ್ತದ್ದು ಯಂತ್ರದ ಮಾತಿಗೆ ಎಂದೇ? ಬದಲಾಯಿಸದಿದ್ದರೆ, ತಾನು ನಿಜವಾಗಿ ಕೊಟ್ಟ ಉತ್ತರ ಕಸದ ಪಾಲು. ಮಾತು ಸುಳ್ಳು, ಮಾತಿನೊಳಗಿನದು ನಿಜ. ಥೂ, ಇದೆಂಥ ಪೇಚು! ಹಿಮದಲ್ಲಿ ದಾರಿ ಕಾಣದಿದ್ದರೆ ಲಾರಿ ನಿಲ್ಲಿಸಿ ಕಾಯಬಹುದು. ಇಲ್ಲಿ ಅದಕ್ಕೂ ಆಸ್ಪದವಿರಲಿಲ್ಲ.

ಬೆಳಿಗ್ಗೆ ಕಾಫಿ ಕುಡಿಯುವಾಗ ಎಲ್ಲವನ್ನೂ ಹೇಳಿಬಿಟ್ಟ. ಸಿಗ್ನೆ ಬಟ್ಟಲು ಕೆಳಗಿಟ್ಟಳು.

“ಹಾಗಾದ್ರೆ ನೀನು ಏನಂದಿದ್ದೆ?”

ಅವನು ಉಸಿರೆಳೆದ.

“ಅದು ನಂಗೆ ಗೊತ್ತಿಲ್ವಾ? ಒಂದೇ ಒಂದ್ಸಲ ಬಾಯಿಬಿಟ್ಟು ಹೇಳು. ಆಮೇಲೆ ಬೇಕಾದ್ರೆ ತೆಗೆಸು.”

ಹೆಲ್ಮರ್ ಮೇಜುಬಟ್ಟೆಯ ಚೌಕಗಳನ್ನೇ ನೋಡುತ್ತ, “ಹೌದು ಸಿಗ್ನೆ. ಅದು… ಪ್ರೀತಿ… ಇದೆ. ಬಹಳ,” ಎಂದ. ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಅವನು ಮಾಡಿರಲಿಲ್ಲ.

ಸಿಗ್ನೆ ಕೈ ಚಾಚಿ ಅವನ ಮುಂಗೈ ತಟ್ಟಿದಳು.

“ಪಾಪ, ಹೇಳಿದ್ಯಲ್ಲ, ಸಾಕು,” ಎಂದಳು. “ಆದ್ರೂ ಸಿನಿಮಾದಲ್ಲಿರೋದನ್ನ ತೆಗೆಸ್ಬೇಡ ಕಣೋ. ಅಲ್ಲಿರೋನು ಚೆನ್ನಾಗಿ ಹೇಳ್ತಾನೆ.”