ಮಿಸೆಸ್ ಎನ್ನುವವರೆಗೆ

ಸ್ಕಾರ್‌ಬರೋದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರು ಅಲಬಾಮಾದಿಂದ ಬಂದು ನೆಲೆಸಿದ್ದ ಕಪ್ಪು ಜನಾಂಗದ ವೃದ್ಧೆ. ನಾನು ಶಾಲೆಯಲ್ಲಿ ಪಾಠ ಮಾಡುವುದನ್ನು ಬಿಟ್ಟು ಆರು ವರ್ಷಗಳಾಗಿದ್ದರೂ ನನ್ನನ್ನು ‘ಟೀಚರ್’ ಎಂದೇ ಕರೆಯುತ್ತಿದ್ದರು. ಲಿಫ್ಟಿನಲ್ಲಿ ಯಾರಾದರೂ ತಮ್ಮನ್ನು ಬರಿಯ ಹೆಸರಿನಿಂದ ಮಾತನಾಡಿಸಿದರೆ ಟೋಪಿ ಸರಿಪಡಿಸಿಕೊಂಡು, “ನನ್ನನ್ನಲ್ಲ, ಬೇರೆ ಯಾರನ್ನೋ ಕರೆಯುತ್ತಿದ್ದಾರೆ” ಎನ್ನುತ್ತಿದ್ದರು.

ಒಮ್ಮೆ ಅವರನ್ನು ಕಣ್ಣಿನ ಕ್ಲಿನಿಕ್ಕಿಗೆ ಕರೆದೊಯ್ದಿದ್ದೆ. ಆ ದಿನಕ್ಕಾಗಿ ಅವರು ನಾಲ್ಕು ತಿಂಗಳು ಕಾದಿದ್ದರು. ಕಿರಿಯ ನರ್ಸೊಬ್ಬರು ಬಾಗಿಲಿಗೆ ಬಂದು ಅವರ ಬರಿಯ ಹೆಸರನ್ನು ಎರಡು ಸಲ ಕೂಗಿದರು. ವೃದ್ಧೆ ಕದಲಲಿಲ್ಲ.

“ಇಲ್ಲಿ ಎಲ್ಲರನ್ನೂ ಹೀಗೆಯೇ ಕರೆಯುತ್ತಾರೆ. ಏಳಿ, ಸರದಿ ತಪ್ಪುತ್ತದೆ” ಎಂದೆ.

“ನನ್ನ ಅಮ್ಮ ಬಿಳಿಯರ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು, ಟೀಚರ್. ಆ ಮನೆಯ ಐದು ವರ್ಷದ ಮಗುವೂ ಅವಳನ್ನು ಹೆಸರು ಹಿಡಿದು ಕೂಗುತ್ತಿತ್ತು. ಅವಳು ಮಾತ್ರ ಆ ಮಗುವನ್ನು ‘ಮಿಸ್’ ಎನ್ನಬೇಕಿತ್ತು. ನಮ್ಮ ಜನರ ಚರ್ಚಿನಲ್ಲಷ್ಟೇ ಅಮ್ಮ ‘ಮಿಸೆಸ್’.”

ನರ್ಸ್ ಮುಂದಿನವರ ಫೈಲು ತೆಗೆದರು. ನಾನು ಎದ್ದು ಹೋಗಿ ಆಕೆಗೆ ಮೆಲ್ಲಗೆ ವಿಷಯ ತಿಳಿಸಿದೆ. ಆಕೆ ಮೊದಲಿನ ಫೈಲನ್ನೇ ಮತ್ತೆ ಕೈಗೆತ್ತಿಕೊಂಡರು. ಬಳಿಕ ‘ಮಿಸೆಸ್’ ಸೇರಿಸಿ, ಮನೆತನದ ಹೆಸರಿನಿಂದ ಕರೆದರು.

ವೃದ್ಧೆ ಟೋಪಿ ಸರಿಪಡಿಸಿಕೊಂಡು ಎದ್ದರು.

“ನನ್ನನ್ನೇ ಕರೆಯುತ್ತಿದ್ದಾರೆ, ಟೀಚರ್.”